ಬರೀ ಬಾಯಲ್ಲಿ ಕಳಿಸಬಾರದು

ಮುಂಬಯಿಗೆ ಬಂದ ವಾರದಲ್ಲೇ ಡಾಕ್ಟರು ನನ್ನ ಮಗಳ ನರಕ್ಕೆ ಸಕ್ಕರೆ ಚುಚ್ಚುತ್ತೇವೆ ಎಂದರು. ಕಬ್ಬಿನ ಗದ್ದೆಯ ಬದುವಿನಲ್ಲಿ ಬೆಳೆದ ನನಗೇ ಸಕ್ಕರೆಯ ಪಾಠ! ವಿಕಿರಣ ಸೇರಿಸಿದ ಆ ಸಕ್ಕರೆಯನ್ನು ಕ್ಯಾನ್ಸರ್ ಗಂಟು ಹಸಿದ ನಾಯಿಯ ಹಾಗೆ ನುಂಗುತ್ತದಂತೆ, ನುಂಗಿದ ಕಡೆ ಸ್ಕ್ಯಾನ್‌ನಲ್ಲಿ ಹೊಳೆಯುತ್ತದಂತೆ. ಏಳು ವರ್ಷದ ಚಿನ್ನಿಯ ಕತ್ತು, ಎದೆ ಎರಡೂ ಹೊಳೆದವು.

ನಮ್ಮೂರು ಕೆರಗೋಡಿನಲ್ಲಿ ಅದಕ್ಕೂ ಮೊದಲೇ ತೀರ್ಪಾಗಿತ್ತು. ಇದು ಅಂಟುರೋಗವಲ್ಲ ಎಂದು ಮಂಡ್ಯದ ಡಾಕ್ಟರು ಹೇಳಿದರೂ ನನ್ನ ಓರಗಿತ್ತಿ ಮಗುವಿಗೆ ಲೋಟ ಬೇರೆ ಇಟ್ಟಳು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು! "ಯಾವ್ದಕ್ಕೂ ಉಸಾರಾಗಿರೋದು ವಾಸಿ ಕಣಕ್ಕ" ಎಂದಳು. ಇಂಥ ಜಾಣರಿಗೆ ನಮ್ಮಲ್ಲಿ ಬರವಿಲ್ಲ. ನೋಡಲು ಬಂದವರೂ ಹೊಸ್ತಿಲಾಚೆಯೇ ನಿಂತು, ಅಲ್ಲಿಂದಲೇ ಅಯ್ಯೋ ಪಾಪ ಎಂದು ಹೋದರು.

ಇಲ್ಲಿ ಮುಂಬಯಿಯಲ್ಲಿ ನಮಗೊಂದು ಖೋಲಿ, ಅಂದರೆ ಒಂದೇ ಕೋಣೆಯ ಮನೆ. ನಮ್ಮೂರಲ್ಲಿ ಇಂಥದ್ದರಲ್ಲಿ ಎಮ್ಮೆ ಕಟ್ಟಲೂ ಯಾರೂ ಒಪ್ಪುವುದಿಲ್ಲ. ಗಂಡ ಮಂಡ್ಯದ ಕೆಲಸ ಬಿಡುವಂತಿಲ್ಲ. ಇರುವುದು ನಾನು, ಚಿನ್ನಿ. ಮುದ್ದೆ ಕಾಣದ ಈ ಊರು ಬೇಳೆಸಾರಿಗೆ ಬೆಲ್ಲ ಹಾಕಿ ಕೆಡಿಸಿ, ಆಮಟಿ ಎಂದು ಮೆರೆಯುತ್ತದೆ. ಆದರೆ ಪಕ್ಕದ ಸುನಂದಾತಾಯಿ (ಇಲ್ಲಿ ತಾಯಿ ಅಂದರೆ ಅಕ್ಕ) ಮೊದಲ ದಿನವೇ ಆ ಆಮಟಿ ಅನ್ನವನ್ನು ತನ್ನ ತಟ್ಟೆಯಿಂದಲೇ ಚಿನ್ನಿಗೆ ತಿನ್ನಿಸಿದಳು. ನನಗೆ ಅಳು ಬಂತು.

ಎರಡು ಸುತ್ತು ಔಷಧಿಯಾದ ಮೇಲೆ ಮತ್ತೆ ಸ್ಕ್ಯಾನ್. ಈ ಸಲ ಗಂಟು ಹೊಳೆಯದಿದ್ದರೆ ಎಳೆ ಕತ್ತಿಗೆ ವಿಕಿರಣ ಚಿಕಿತ್ಸೆ ತಪ್ಪುತ್ತದೆ. ಮಕ್ಕಳಿಗೆ ಎಷ್ಟು ಕಡಿಮೆ ಚಿಕಿತ್ಸೆ ಸಾಕು ಎಂಬುದೇ ಇಲ್ಲಿಯ ಡಾಕ್ಟರುಗಳ ಸಂಶೋಧನೆ. ಚಿನ್ನಿಯ ಸ್ಕ್ಯಾನ್ ಚಿತ್ರಗಳನ್ನು ಅದಕ್ಕೆ ಬಳಸಲು ಒಪ್ಪಿದೆ. ಊರು ಮುಟ್ಟುವಷ್ಟರಲ್ಲಿ ಅದು "ಮಗೀನ ಪ್ರಯೋಗಕ್ಕೆ ಕೊಟ್ಬುಟ್ಲಂತೆ" ಎಂದಾಗಿತ್ತು.

ಸ್ಕ್ಯಾನಿನ ಹಿಂದಿನ ಸಂಜೆ ನನ್ನ ತವರು ಕಿರುಗಾವಲಿನಿಂದ ನನ್ನಣ್ಣ ಪುಟ್ಟಸ್ವಾಮಿ ಬಂದಿಳಿದ, ಆಲೆಮನೆ ಬೆಲ್ಲದ ಸಮೇತ. ಬೆಳಿಗ್ಗೆ ಮಗುವಿಗೆ ನೀರು ಬಿಟ್ಟು ಏನೂ ಕೊಡಬಾರದು, ಮೈಯಲ್ಲಿ ಸಿಹಿ ಇದ್ದರೆ ಚಿತ್ರ ಕೆಡುತ್ತದೆ ಎಂದು ಅವನಿಗೆ ಬಿಡಿಸಿ ಹೇಳಿದ್ದೆ. ಮಾರನೆಯ ದಿನ ಹೊರಡುವಾಗ ಬೀಗ ಹುಡುಕಿ ತಿರುಗಿದರೆ, ಚಿನ್ನಿಯ ಬಾಯಿ ಆಡುತ್ತಿದೆ.

"ಏನಣ್ಣ ಕೊಟ್ಟೆ?"

"ಚೂರು ಬೆಲ್ಲ ಕಣಮ್ಮಿ. ಒಳ್ಳೆ ಕೆಲ್ಸಕ್ಕೆ ಒಂಟವ್ಳೆ, ಬರೀ ಬಾಯಲ್ಲಿ ಕಳಿಸ್ಬಾರ್ದು."

"ಏನೂ ತಿನ್ನಿಸ್ಬ್ಯಾಡ ಅಂತ ಬಡ್ಕಂಡ್ನಲ್ಲಣ್ಣ!"

"ತಿನ್ಸಿದ್ದೆಲ್ಲಿ? ಸಕುನಕ್ಕೆ ಮಡಗ್ದೆ ಅಷ್ಟೆಯಾ."

ಆಸ್ಪತ್ರೆಯಲ್ಲಿ ನಡೆದದ್ದು ಹೇಳಿದೆ. ಇವತ್ತಾಗದು, ಮುಂದಿನ ವಾರ ಬನ್ನಿ ಎಂದರು. ದಾರಿಯುದ್ದಕ್ಕೂ ಅಣ್ಣನಿಗೆ ಬೈದೆ. ದಡ್ಡ, ಹಳ್ಳಿಗುಗ್ಗು, ನಿನ್ನ ಶಕುನಕ್ಕೆ ಬೆಂಕಿ ಬೀಳ ಎಂದೆ. ಮಧ್ಯಾಹ್ನ ಅವನು, ಚಿನ್ನಿ ಅರ್ಧಕ್ಕೆ ಬಿಟ್ಟೆದ್ದ ತಟ್ಟೆಯನ್ನು ಎಳೆದುಕೊಂಡು, ಅದರಲ್ಲೇ ಉಂಡು, ಅವಳ ಲೋಟದಲ್ಲೇ ನೀರು ಕುಡಿದ. ಊರಿನ ಅಷ್ಟೂ ಜಾಣರಲ್ಲಿ ನನ್ನ ಮಗುವಿನ ಬಾಯಿಗೆ ಕೈ ಇಟ್ಟವನು ಈ ದಡ್ಡನೊಬ್ಬನೇ.

ವಾರದ ಮೇಲೆ ಸ್ಕ್ಯಾನ್ ಆಯಿತು. ಕತ್ತು ಹೊಳೆಯಲಿಲ್ಲ, ಎದೆಯೂ ಹೊಳೆಯಲಿಲ್ಲ. ವಿಕಿರಣ ಬೇಡ ಎಂದರು. ಅಣ್ಣ ಬೆಲ್ಲದ ಪೊಟ್ಟಣ ಬಿಚ್ಚಿದ. ಈ ಸಲ ನಾನೂ ಬಾಯಿ ತೆರೆದೆ.

ಈಗ ಔಷಧಿ ಮುಗಿದಿದೆ, ಊರಿಗೆ ಹೊರಟಿದ್ದೇವೆ. "ಬಂದ್ಬುಡಕ್ಕ, ಎಲ್ರೂ ಕಾಯ್ತಾವ್ರೆ" ಎಂದು ಓರಗಿತ್ತಿ ಫೋನು ಮಾಡುತ್ತಾಳೆ. ಅವಳ ದನಿ ಕೇಳಿದರೆ ಮೈ ಉರಿಯುತ್ತದೆ, ಮುದ್ದೆ ನೆನೆದರೆ ಜೀವ ಆ ಕಡೆಗೇ ಎಳೆಯುತ್ತದೆ. ನಿನ್ನೆ ಚಿನ್ನಿ ಸುನಂದಾತಾಯಿಯ ಮನೆಯ ಸ್ಟೀಲ್ ಲೋಟವೊಂದನ್ನು ಕೇಳಿ ತಂದು ಚೀಲಕ್ಕೆ ಹಾಕಿದಳು.

"ಯಾಕವ್ವ, ಊರಲ್ಲಿ ನಿಂಗೆ ಲೋಟ ಇಲ್ವಾ?"

"ಐತೆ. ಅದ್ರಲ್ಲಿ ನಾನೊಬ್ಳೇ ಕುಡೀಬೇಕು. ಇದ್ರಲ್ಲಿ ಎಲ್ರೂ ಕುಡೀತಾರೆ."