ಗಾಜಿನೊಳಗಿನ ಸೊಟ್ಟ ಸಾಲು

ಶಿಕಾಗೋದ ಮ್ಯೂಸಿಯಂ ಒಂದರ ಬೆಂಚಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ನಾನು ಇಳಿದುಕೊಂಡಿರುವುದು ಹತ್ತಿರದ ವೆಸ್ಟ್‌ಮಂಟ್‌ನ ಶಾಂತಾ ಆಂಟಿಯ ಮನೆಯಲ್ಲಿ. ಅವರ ಯಜಮಾನರು ಬಸವರಾಜ ಅಂಕಲ್ ಧಾರವಾಡದ ಕಡೆಯವರು, ಎಂಜಿನಿಯರ್ ಆಗಿದ್ದವರು. ಹೋದ ವರ್ಷ ಪಾರ್ಶ್ವವಾಯು ಬಡಿದ ಮೇಲೆ ಅವರಿಗೆ ಮಾತು ತೊದಲುತ್ತದೆ, ಬಲಗೈ ಏಳುವುದಿಲ್ಲ. ದಿನಾ ಎಡಗೈಯಲ್ಲಿ ಅಆಇಈ ತಿದ್ದುತ್ತಾರೆ. ಇವತ್ತು ಮೂವರೂ ಕೂಡಿ ಇಲ್ಲಿಗೆ ಬಂದಿದ್ದೇವೆ.

ಇಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಅಂಗೈಯಗಲದ ಮಣ್ಣಿನ ಬಿಲ್ಲೆಯೊಂದಿದೆ. ಸುಮಾರು ನಾಲ್ಕು ಸಾವಿರ ವರ್ಷಗಳ ಹಿಂದೆ ಬ್ಯಾಬಿಲೋನಿನ ಕಡೆಯ ಗುರುವೊಬ್ಬ ಹಸಿಮಣ್ಣಿನ ಮೇಲೆ ಜೊಂಡಿನ ಕಡ್ಡಿಯಿಂದ ದೇವರ ಹೆಸರು ಒತ್ತಿದ್ದಾನೆ. ಅದರ ಕೆಳಗೆ ಶಿಷ್ಯ ಅದನ್ನೇ ಒತ್ತಲು ಹೋಗಿ ಸಾಲೆಲ್ಲ ಸೊಟ್ಟಗಾಗಿದೆ.

"ನೋಡ್ರಿ, ಇಂವನೂ ನಿಮ್ಹಂಗ ಸೊಟ್ಟ ಬರದಾನ," ಎಂದು ಆಂಟಿ ಧೈರ್ಯ ತುಂಬಲು ನಕ್ಕರು.

ಅಂಕಲ್ ನಗಲಿಲ್ಲ. ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಒಂದೊಂದೇ ಮಾತನ್ನು ಹುಡುಕಿ ತೆಗೆದು, "ಅಂವ... ಸಣ್ಣಾಂವ. ಮುಂದ... ಕಲತಿರ್ತಾನ," ಎಂದರು.

ಹೊರಗೆ ಹಿಮ ಬೀಳುತ್ತಿತ್ತು. ಆಂಟಿ ಅಂಕಲ್ ಎದುರಿಗೆ ನಿಂತು, ಅವರ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಕತ್ತಿನವರೆಗೂ ಹಾಕಿದರು.