ಮೇಸ್ತ್ರಿ ಹೇಳಿದ ಸುಳ್ಳು

ಕಳೆದ ವಾರ ಇಲ್ಲಿ ಕೊಲ್ಲಿ ದೇಶದ ಮುಐದರ್‌ನಲ್ಲಿ, ನಮ್ಮ ಕಟ್ಟಡದ ತಾರಸಿಯಲ್ಲಿ ಯಾರೋ ಫೈಬರ್ ಟ್ಯಾಂಕಿಗೆ ತೇಪೆ ಹಾಕುತ್ತಿದ್ದರು. ರೆಸಿನ್ ಎಂಬ ಫೈಬರ್ ಅಂಟಿನ ಆ ಗಂಟಲು ಕೆರೆಯುವ ಸಿಹಿ ವಾಸನೆ ಕಿಟಕಿಯಿಂದ ಒಳಗೆ ಬಂತು. ಹಿಂದೆ ದುಡಿದ ಬೋಟ್ ಯಾರ್ಡಿನ ಮ್ಯಾನೇಜರ್‌ನ ಕಾರು ಗೇಟಿಗೆ ಬಂತೇನೋ ಎಂದು ಕಿವಿಗೊಟ್ಟೆ... ಇಷ್ಟು ವರ್ಷಗಳಾದ ಮೇಲೂ.

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು. ಇದೇ ದೇಶದ ಅಲ್ ಖೋರ್‌ನ ಸಮುದ್ರದಂಡೆಯ ಒಂದು ಯಾರ್ಡಿನಲ್ಲಿ ಮೀನುಗಾರಿಕೆಯ ಫೈಬರ್ ಬೋಟು ಕಟ್ಟುತ್ತಿದ್ದರು. ಗಿರಾಕಿಗಳಿದ್ದರು, ಕಟ್ಟಬಲ್ಲವರು ಅಲ್ಲಿ ಸಿಗುತ್ತಿರಲಿಲ್ಲ. ಹಾಗಾಗಿ ಕಂಪನಿ ವೀಸಾ ಕೊಟ್ಟು ನಮ್ಮ ಮಲ್ಪೆ ಕಡೆಯಿಂದ ಜನ ತರಿಸುತ್ತಿತ್ತು. ನಾನೂ ಹಾಗೇ ಬಂದವನು. ಬೋಟಿನ ಅಚ್ಚು ಮಾಡಲು ಗೊತ್ತಿದ್ದವರು ಇಡೀ ಯಾರ್ಡಿನಲ್ಲಿ ಒಬ್ಬರೇ, ಗಂಗೊಳ್ಳಿಯವರು. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಿದ್ದೆವು.

ಆಗ ಊರಿಗೆ ಹೊರಡಬೇಕಾದರೆ ಕಫೀಲನ, ಅಂದರೆ ವೀಸಾ ಕೊಟ್ಟ ಧಣಿಯ, ಸಹಿ ಬೇಕಿತ್ತು. ಮ್ಯಾನೇಜರ್ ಹೇಳದೆ ಧಣಿ ಸಹಿ ಹಾಕುತ್ತಿರಲಿಲ್ಲ. ಅಚ್ಚು ಮಾಡುವ ಇನ್ನೊಬ್ಬ ಸಿಕ್ಕಿದ ಮೇಲೆ ಹೋಗು ಎನ್ನುವುದೇ ಮೇಸ್ತ್ರಿಗೆ ಮ್ಯಾನೇಜರ್‌ನ ಉತ್ತರ. ಆ ಇನ್ನೊಬ್ಬ ವರ್ಷಗಟ್ಟಲೆ ಬರಲೇ ಇಲ್ಲ. ಕೆಲಸ ಚೆನ್ನಾಗಿ ಬರುತ್ತದೆ ಎನ್ನುವುದೇ ಅವರಿಗೆ ಬೇಲಿಯಾಗಿತ್ತು.

ಊರಲ್ಲಿ ಮುಂದೆ ಉಪಯೋಗಕ್ಕೆ ಬರುತ್ತದೆ ಎಂದು ಅವರು ನನಗೆ ಕೆಲಸ ಕಲಿಸಿದರು. ಆದರೆ ಕಾರಿನ ಸದ್ದು ಕೇಳಿದೊಡನೆ ನನ್ನ ಕೈಯಿಂದ ಬ್ರಷ್ ಕಿತ್ತುಕೊಂಡು ಕಸ ಗುಡಿಸಲು ಕಳಿಸುತ್ತಿದ್ದರು. ಕಸುಬು ಬಿಟ್ಟುಕೊಡಲು ಮನಸ್ಸಿಲ್ಲವೇನೋ ಅಂದುಕೊಂಡಿದ್ದೆ.

ಒಂದು ಬೇಸಗೆಯಲ್ಲಿ ಅವರ ಹೆಂಡತಿಗೆ ಹೊಟ್ಟೆಯಲ್ಲಿ ಗಡ್ಡೆ, ಮಂಗಳೂರಿನಲ್ಲಿ ಆಪರೇಷನ್ ಎಂದು ಫೋನ್ ಬಂತು. ಮೇಸ್ತ್ರಿ ರಜೆ ಕೇಳಲು ಮ್ಯಾನೇಜರ್‌ನ ಎದುರು ಹೋಗಿ ನಿಂತರು. ನಾನು ಪಕ್ಕದಲ್ಲಿದ್ದೆ. ಅವನು ನನ್ನತ್ತ ಬೆರಳು ತೋರಿಸಿ, ಇವನಿಗೆ ಅಚ್ಚು ಮಾಡಲು ಬರುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದ. ಮೇಸ್ತ್ರಿ ನನ್ನ ಕಡೆ ನೋಡಲೂ ಇಲ್ಲ, ಬರುವುದಿಲ್ಲ ಎಂದುಬಿಟ್ಟರು.

"ಖಲಾಸ್," ಎಂದು ಮಾತು ಮುಗಿಸಿ ಮ್ಯಾನೇಜರ್ ಎದ್ದುಹೋದ.

ಹೊರಗೆ ಬಂದು ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ.

"ನಿಂಗೆ ಬರ್ತದೆ ಅಂತ ಗೊತ್ತಾದ್ರೆ ನಿನ್ನನ್ನೂ ಬಿಡುದಿಲ್ಲ ಮಾರಾಯ. ನಿನ್ನ ಹೆಂಡತಿ ಬಸುರಿ ಅಲ್ವಾ..."

ಮಾರನೆಯ ದಿನ ಅವರು ಊಟಕ್ಕೆ ಹೋಗಿದ್ದಾಗ ಅರ್ಧವಾಗಿದ್ದ ಅಚ್ಚಿನ ಮುಂದೆ ಕೂತೆ. ಕಾರು ಬಂತು. ಬ್ರಷ್ ಕೆಳಗಿಡಲಿಲ್ಲ. ಮ್ಯಾನೇಜರ್ ನನ್ನ ಬೆನ್ನ ಹಿಂದೆ ಬಹಳ ಹೊತ್ತು ನಿಂತಿದ್ದ. ಅವನು ಹೋದ ಮೇಲೆ ತಿರುಗಿ ನೋಡಿದರೆ ಬಾಗಿಲಲ್ಲಿ ಮೇಸ್ತ್ರಿ.

"ಎಂಥ ಮಾಡಿದೆ ನೀನು?" ಎಂದರು. ಅವರ ಮುಖದಲ್ಲಿ ಅಷ್ಟು ಭಯವನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅದೇ ವಾರ ಮೇಸ್ತ್ರಿಯ ಪ್ರಯಾಣಕ್ಕೆ ಧಣಿಯ ಸಹಿಯಾಯಿತು. ಏರ್‌ಪೋರ್ಟಿನಲ್ಲಿ ಅವರು ನನ್ನ ಕೈ ಹಿಡಿದುಕೊಂಡರು. ವಿಮಾನ ಏರುವವರೆಗೂ ಯಾರಾದರೂ ವಾಪಸ್ ಕರೆಯುತ್ತಾರೇನೋ ಎಂದು ನಾನು ಹೊರಗೇ ನಿಂತಿದ್ದೆ. ಆಪರೇಷನ್ ಹೊತ್ತಿಗೆ ಅವರು ತಲುಪಿದರು. ಹೆಂಡತಿ ಉಳಿದರು. ಮೇಸ್ತ್ರಿ ಮತ್ತೆ ಯಾರ್ಡಿಗೆ ಬರಲಿಲ್ಲ.

ಅವರು ಹೆದರಿದಂತೆಯೇ ಆಯಿತು. ಯಾರ್ಡು ನನ್ನನ್ನು ಹಿಡಿದಿಟ್ಟುಕೊಂಡಿತು. ನನ್ನ ಮಗಳನ್ನು ಮೊದಲ ಸಲ ನೋಡುವಾಗ ಅವಳು ಓಡಾಡುತ್ತಿದ್ದಳು. ನನ್ನನ್ನು ಕಂಡು ಅತ್ತು ಅಜ್ಜಿಯ ಹಿಂದೆ ಅಡಗಿಕೊಂಡಳು.

ಆಮೇಲೆ ಕಂಪನಿ ಬದಲಾಯಿತು, ಫೋನ್ ನಂಬರುಗಳು ಬದಲಾದವು, ಮೇಸ್ತ್ರಿಯ ಸಂಪರ್ಕ ತಪ್ಪಿತು. ಈಗ ಕಾನೂನು ಬದಲಾಗಿ, ಊರಿಗೆ ಹೊರಡಲು ನನಗೆ ಯಾರ ಸಹಿಯೂ ಬೇಕಿಲ್ಲ. ಕಳೆದ ರಜೆಯಲ್ಲಿ ವಿಚಾರಿಸುತ್ತ ಗಂಗೊಳ್ಳಿಯ ಅವರ ಮನೆಗೆ ಹೋದೆ. ಮೇಸ್ತ್ರಿ ತೀರಿಕೊಂಡು ವರ್ಷವಾಗಿತ್ತು. ಅವರ ಹೆಂಡತಿ ಚಹಾ ತಂದುಕೊಟ್ಟು ನನ್ನನ್ನೇ ನೋಡುತ್ತ ಕೂತರು.

"ಆ ಹುಡುಗನನ್ನು ಬಿಟ್ರಾ ಅಂತ ಕೊನೆವರೆಗೂ ಕೇಳ್ತಾ ಇದ್ರು," ಎಂದರು.

ಬಿಟ್ಟಿದ್ದರು... ಎಂದೋ ಬಿಟ್ಟಿದ್ದರು. ಅದು ಅವರಿಗೆ ಗೊತ್ತಾಗಲೇ ಇಲ್ಲ.