ಕೊನೆಯ ಮಡಿಕೆ

ಟ್ರಂಕು ತೆಗೆದರೆ ನುಸಿಗುಳಿಗೆಯ ಘಾಟಿನ ಅಡಿಯಿಂದ ಅಜ್ಜಿಯ ಹರಳೆಣ್ಣೆಯ ವಾಸನೆ ಬರುತ್ತದೆ. ಬರುತ್ತದೆಂದು ನನಗೆ ಅನ್ನಿಸುತ್ತದೆಯೋ ಏನೋ. ಯಾವುದನ್ನೂ ಗಟ್ಟಿಯಾಗಿ ಹೇಳುವ ಹುರುಪು ಈಗ ಉಳಿದಿಲ್ಲ. ತಳದಲ್ಲಿ ನನ್ನ ಹೈಸ್ಕೂಲಿನ ನೀಲಿ ಲಂಗವಿದೆ. ಸ್ವಾತಂತ್ರ್ಯ ಬಂದು ಹತ್ತು ವರ್ಷವಾಗಿದ್ದ ಕಾಲ. ಬೆಳೆಯುವ ಹುಡುಗಿಗೆ ಲಂಗ ಹೊಲಿಸಿದರೆ ಕೆಳಗೆ ನಾಲ್ಕು ಮಡಿಕೆ ಹಾಕಿಸಿ, ವರ್ಷಕ್ಕೊಂದು ಬಿಚ್ಚುತ್ತಿದ್ದರು. ನಾನು ಒಂದೇ ವರ್ಷದಲ್ಲಿ ಮೂರನ್ನು ಮುಗಿಸಿದೆ. ಬಿಚ್ಚಿದ ಕಡೆಯೆಲ್ಲ ಬಿಸಿಲು ಕಾಣದ ಕಡುನೀಲಿ ಪಟ್ಟೆ. ನಮ್ಮೂರು ಬೋಗಾದಿ ಆಗಿನ್ನೂ ಹಳ್ಳಿ. ಅಲ್ಲಿಂದ ನಡೆದು ಶಾಲೆ ಸೇರುವಷ್ಟರಲ್ಲಿ ಪೇಟೆಯ ಹುಡುಗಿಯರು ಆ ಪಟ್ಟೆಗಳನ್ನು ಎಣಿಸಲು ಕಾದಿರುತ್ತಿದ್ದರು. ನನಗೆ ‘ಏಣಿ’ ಎಂದು ಹೆಸರಿಟ್ಟರು. ನಾನು ಬೆನ್ನು ಬಗ್ಗಿಸಿಕೊಂಡು ನಡೆಯುವುದನ್ನು ಕಲಿತೆ.

ಓಡುವಾಗ ಮಾತ್ರ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. “ಶಾಲೆ ಓಟದಲ್ಲಿ ಗೆಲ್ಲು ಕಣೇ, ಜಿಲ್ಲಾ ಪಂದ್ಯಕ್ಕೆ ನಿನ್ನನ್ನೇ ಕಳಿಸ್ತೀನಿ” ಎಂದಿದ್ದರು ಡ್ರಿಲ್ ಮೇಡಂ. ಗೆದ್ದರೆ ಏಣಿ ಎನ್ನುವ ಬಾಯಿಗಳು ಮುಚ್ಚುತ್ತವೆಂದು ನಂಬಿದ್ದೆ. ಆದರೆ ಅಷ್ಟು ಜನರೆದುರು ನನ್ನ ಕಡ್ಡಿಕಾಲು ಕಾಣುತ್ತದಲ್ಲ ಎಂದು ಓಟದ ಹಿಂದಿನ ಸಂಜೆ ಅಜ್ಜಿಯ ಮುಂದೆ ಅತ್ತೆ. ಓಟದ ಪಂದ್ಯವನ್ನು ಅಜ್ಜಿ ಕಂಡವಳೇ ಅಲ್ಲ. “ಅದಕ್ಯಾಕವ್ವ ಅಳ್ತೀಯೆ? ಉಳ್ದಿರೋ ಮಡಿಕೇನೂ ಬಿಚ್ಬುಡ್ತೀನಿ, ಒಂದು ಉಗುರೂ ಕಾಣಾಕಿಲ್ಲ” ಎಂದು ಜಗಲಿಯಲ್ಲಿ ಕೂತು ಬ್ಲೇಡಿನಿಂದ ಹೊಲಿಗೆ ಬಿಡಿಸಿದಳು.

ಮರುದಿನ ಎಲ್ಲರಿಗಿಂತ ಮುಂದಿದ್ದೆ. ಗುರಿ ಇನ್ನು ಎರಡು ಮಾರು ದೂರ ಇತ್ತು. ಲಂಗದ ಅಂಚು ಕಾಲಿಗೆ ಸಿಕ್ಕಿ ಮುಗ್ಗರಿಸಿ ಬಿದ್ದೆ. ನಗು ಕೇಳಿಸಿತು. ಮನೆಗೆ ಬಂದವಳೇ “ನಿನ್ನಿಂದಲೇ ಬಿದ್ದೆ” ಎಂದು ಅಜ್ಜಿಗೆ ಅಂದುಬಿಟ್ಟೆ. ಆ ಮಾತಿಗೆ ಇಂದಿಗೂ ನಾಚುತ್ತೇನೆ. ಅವಳು ನನ್ನ ಮಂಡಿಗೆ ಅರಿಶಿನ ಹಚ್ಚಿದಳು, ಲಂಗ ಒಗೆದು ಒಣಗಿಸಿ ಆ ಮಡಿಕೆಯನ್ನು ಮತ್ತೆ ಹೊಲಿದಳು. “ಬರೋ ವರ್ಸ ಓಡೀಯಂತೆ ಕಣವ್ವ.”

ಮರುವರ್ಷ ನಾನು ಓಡಲಿಲ್ಲ. ಕಾಲುನೋವು ಎಂದು ಸುಳ್ಳು ಹೇಳಿದೆ. ಡ್ರಿಲ್ ಮೇಡಂ ಎರಡು ಸಲ ಕೇಳಿ ಸುಮ್ಮನಾದರು. ಅಜ್ಜಿ ಮಾತ್ರ ದಿನಾ ಸಂಜೆ ಹರಳೆಣ್ಣೆ ಬಿಸಿ ಮಾಡಿ ಕಾಲು ತಿಕ್ಕಿದಳು. ಸುಳ್ಳೆಂದು ಅವಳಿಗೆ ತಿಳಿದಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ಆ ಜಗಲಿಯಿದ್ದ ಕಡೆ ಈಗ ಬಾಡಿಗೆ ಮನೆಗಳ ಸಾಲು. ಕಾಲುನೋವು ನಿಜವಾಗಿಯೇ ಬಂದಿದೆ, ತಿಕ್ಕುವವರಿಲ್ಲ. ಒಮ್ಮೆ ಆ ಮಡಿಕೆ ಬಿಚ್ಚೋಣವೆಂದು ಬ್ಲೇಡು ಹಿಡಿದೆ. ದಾರ ಬಿಡಲಿಲ್ಲ. ಓಡುವಾಗ ಬಿಚ್ಚಿಕೊಳ್ಳಬಾರದೆಂದು ಅವಳು ಎರಡೆಳೆ ಹಾಕಿ ಹೊಲಿದಿದ್ದಳು.